ಸಹಾಯ ಬೇಕು: ಶಾಲೆ ದಾರಿಯ ಆಲದ ಮರದಲ್ಲಿ ಹೆಜ್ಜೇನು

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮಕ್ಕಳು ಶಾಲೆಗೆ ಹೋಗುವ ದಾರಿಯ ಆಲದ ಮರದಲ್ಲಿ ಹೆಜ್ಜೇನಿನ ಮೂರು ದೊಡ್ಡ ಹುಟ್ಟುಗಳಿವೆ. ಮೊನ್ನೆ ಗಿಡುಗ ಎರಗಿ ಹುಳುಗಳೆಲ್ಲ ಎದ್ದು, ಕೆಳಗೆ ಹೋಗುತ್ತಿದ್ದ ನಮ್ಮ ದೊಡ್ಡಪ್ಪನಿಗೆ ಇಪ್ಪತ್ತಕ್ಕೂ ಹೆಚ್ಚು ಕಡೆ ಕಚ್ಚಿದವು. ಕಂಬಳಿ ಹೊದಿಸಿ ಮನೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿದೆವು. ತಡಮಾಡದೆ ಉಗುರಿನಿಂದ ಕೆರೆದು ಮುಳ್ಳು ತೆಗೆದೆವು. ಮುಳ್ಳಿನ ಜೊತೆ ವಿಷದ ಚೀಲವೂ ಉಳಿದು ವಿಷ ಇಳಿಸುತ್ತಲೇ ಇರುತ್ತದೆ, ಅದರ ವಾಸನೆಗೆ ಬೇರೆ ಹುಳುಗಳೂ ಬರುತ್ತವೆ. ಆಮೇಲೆ ಉಸಿರು ಕಟ್ಟತೊಡಗಿತು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ದೆವು. ಈಗ ಆರಾಮಾಗಿದ್ದಾರೆ.

ರಾತ್ರಿ ಬೆಂಕಿ ಹಾಕೋಣ ಅಂತ ಊರಲ್ಲಿ ಕೆಲವರು ಹೊರಟಿದ್ದಾರೆ. ನನಗೆ ಖಂಡಿತ ಮನಸ್ಸಿಲ್ಲ. ನಮ್ಮ ತೋಟದ ಏಲಕ್ಕಿ ಕಾಯಿ ಕಟ್ಟುವುದೂ ಈ ಜೇನುಗಳಿಂದಲೇ. ತುಡುವೆ ಜೇನಿನ ಹಾಗೆ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು, ಗೊತ್ತು. ಮಳೆ ಹಿಡಿಯುವ ಹೊತ್ತಿಗೆ ಸಾಮಾನ್ಯವಾಗಿ ತಾವೇ ಎದ್ದು ಹೋಗುತ್ತವೆ, ಆದರೆ ಅಲ್ಲಿಯವರೆಗೆ?

ಸದ್ಯ ಮಕ್ಕಳನ್ನು ಗದ್ದೆ ಬದುವಿನ ಮೇಲೆ ಸುತ್ತಿಸಿ ಕಳಿಸುತ್ತಿದ್ದೇವೆ. ಹುಳು ಸಾಯಿಸದೆ ಹುಟ್ಟು ಎಬ್ಬಿಸಬಲ್ಲ ಅನುಭವಸ್ಥರು ಶಿರಸಿ, ಸಿದ್ದಾಪುರ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಓಡಾಟದ ಖರ್ಚು ನಾವು ಕೊಡುತ್ತೇವೆ.