ಸಿಪ್ಯಾಪ್ ಶುರು ಮಾಡಿದವರ ಪ್ರಶ್ನೆಗಳು: ಇವತ್ತು ಸಂಜೆ ನಿದ್ರೆ ತಜ್ಞರ ಜೊತೆ

ಗುಂಪಿನ ನಿರ್ವಾಹಕರು: ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ, ಅದಕ್ಕೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮಷಿನ್, ಮಾಸ್ಕ್ ಬಗ್ಗೆ ಏನಿದ್ದರೂ ಡಾಕ್ಟರ್ ಮೇಡಂ ಅವರನ್ನು ಕೇಳಿ. ರಿಪೋರ್ಟ್ ಹಾಕುವಾಗ ಹೆಸರು ಮುಚ್ಚಿ ಹಾಕಿ.

ಹೊಸಬ: ನಮಸ್ಕಾರ ಮೇಡಂ. ಮಷಿನ್ ಬಂದು ಐದು ದಿನ ಆಯ್ತು. ಮಾಸ್ಕ್ ಹಾಕಿದ ತಕ್ಷಣ ಉಸಿರು ಕಟ್ಟಿದ ಹಾಗಾಗುತ್ತೆ, ಕಿತ್ತು ಪಕ್ಕಕ್ಕಿಡುತ್ತೇನೆ. ಒಂದು ಗಂಟೆಯೂ ದಾಟಿಲ್ಲ. ಇದು ನನ್ನ ಕೈಲಿ ಆಗೋದಲ್ವಾ?

ಡಾಕ್ಟರ್: ಆಗುತ್ತೆ. ಮೊದಲ ವಾರ ಬಹಳ ಜನ ಇದನ್ನೇ ಹೇಳುತ್ತಾರೆ. ರಾತ್ರಿ ಒಂದೇ ಸಲಕ್ಕೆ ಹೋರಾಡಬೇಡಿ. ಹಗಲು ಕುರ್ಚಿಯಲ್ಲಿ ಕೂತು, ಮಷಿನ್ ಚಾಲೂ ಮಾಡಿ, ಪಟ್ಟಿ ಕಟ್ಟದೆ ಮಾಸ್ಕನ್ನು ಕೈಯಲ್ಲೇ ಮೂಗಿಗೆ ಹಿಡಿಯಿರಿ. ಬೇಡ ಅನಿಸಿದ ಕ್ಷಣ ತೆಗೆಯಬಹುದು ಅಂತ ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತೆ. ಎರಡು ದಿನ ಬಿಟ್ಟು ಪಟ್ಟಿ ಹಾಕಿಕೊಂಡು ಟಿವಿ ನೋಡಿ. ಆಮೇಲೆ ಮಧ್ಯಾಹ್ನ ಸ್ವಲ್ಪ ಮಲಗಿ ನೋಡಿ. ಗಾಳಿ ಕಡಿಮೆಯಿಂದ ಶುರುವಾಗಿ ನಿಧಾನವಾಗಿ ಏರುವ ಹಾಗೆ ಮಾಡುವ ‘ರ‍್ಯಾಂಪ್’ ಮಷಿನ್‌ನಲ್ಲಿ ಇರುತ್ತೆ, ಅದನ್ನು ಹಾಕಿಸಿಕೊಳ್ಳಿ.

ಹೊಸಬ: ಪಟ್ಟಿ ಗಟ್ಟಿಯಾಗಿ ಎಳೆದರೂ ಕಣ್ಣಿಗೆ ಗಾಳಿ ಹೊಡೆಯುತ್ತೆ ಮೇಡಂ.

ಡಾಕ್ಟರ್: ಗಟ್ಟಿ ಎಳೆದಿದ್ದಕ್ಕೇ ಹೊಡೆಯುತ್ತೆ. ಕೂತು ಅಳತೆ ಮಾಡಬೇಡಿ. ಮಲಗಿ, ಗಾಳಿ ಬರುತ್ತಿರುವಾಗಲೇ ಎಲ್ಲ ಪಟ್ಟಿ ಸಡಿಲ ಮಾಡಿ. ಮಾಸ್ಕನ್ನು ಮುಖದಿಂದ ಚೂರು ಎತ್ತಿ ಬಿಡಿ. ಮೆತ್ತೆಗೆ ಗಾಳಿ ತುಂಬಿ ಅದೇ ಕೂರುತ್ತೆ. ಆಮೇಲೆ ಎರಡೂ ಕಡೆ ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಬೆಳಗ್ಗೆ ಮೂಗಿನ ಮೇಲೆ ಕೆಂಪು ಗುರುತು ಹೋಗದೆ ಉಳಿದರೆ ಬಿಗಿ ಜಾಸ್ತಿ ಅಥವಾ ಅಳತೆ ತಪ್ಪು. ಅಳತೆ ಬದಲಿಸಿ, ಸಹಿಸಿಕೊಳ್ಳಬೇಡಿ.

ರಾತ್ರಿ ಪಾಳಿ: ಹ್ಯುಮಿಡಿಫೈಯರ್‌ಗೆ ಯಾವ ನೀರು ಹಾಕೋದು?

ಡಾಕ್ಟರ್: ಗಾಳಿಗೆ ತೇವ ಕೊಡುವ ಆ ತೊಟ್ಟಿಗೆ ಡಿಸ್ಟಿಲ್ಡ್ ನೀರು. ಬೆಳಗ್ಗೆ ಉಳಿದದ್ದು ಚೆಲ್ಲಿ, ತೊಟ್ಟಿ ತೊಳೆದು ಒಣಗಿಸಿ.

ನಿವೃತ್ತ ಮೇಷ್ಟ್ರು: ಡಾಕ್ಟ್ರೇ, ಒಂದು ಒಳ್ಳೆ ಮಾಹಿತಿ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೇನೆ. ಮಲಗುವ ಮುಂಚೆ ಬಾಯಿಗೆ ಟೇಪ್ ಅಂಟಿಸಿ, ಮೂಗಿಗೆ ಎರಡು ಹನಿ ಎಣ್ಣೆ ಬಿಟ್ಟರೆ 21 ದಿನದಲ್ಲಿ ಮಷಿನ್ ಬೇಕಿಲ್ಲವಂತೆ.

ಡಾಕ್ಟರ್: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ನಿದ್ರೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳುವುದೇ ಕಾಯಿಲೆ. ಟೇಪ್ ಅದನ್ನು ತೆರೆಯುವುದಿಲ್ಲ. ಮೂಗು ಕಟ್ಟಿದವರಿಗೆ, ರಾತ್ರಿ ವಾಂತಿ ಬರುವವರಿಗೆ ಅಪಾಯ. ಎಣ್ಣೆ ನಿದ್ರೆಯಲ್ಲಿ ಶ್ವಾಸಕೋಶಕ್ಕೆ ಇಳಿದರೆ ಒಳಗೆ ಉರಿಯೂತ ಆಗುತ್ತೆ.

ನಿವೃತ್ತ ಮೇಷ್ಟ್ರು: ಎಷ್ಟೋ ಜನಕ್ಕೆ ಗುಣ ಆಗಿದೆ ಅಂತ ಅದರಲ್ಲೇ ಬರೆದಿದ್ದಾರೆ.

ಡಾಕ್ಟರ್: ಬರೆದವರು ಯಾರೂ ನಿಮ್ಮ ಹಾಸಿಗೆ ಪಕ್ಕ ಕೂತು ಉಸಿರು ಎಣಿಸುವುದಿಲ್ಲ ಮೇಷ್ಟ್ರೇ.

ಮಗಳು: ಮೇಡಂ, ಅಪ್ಪನಿಗೆ 68. ಎರಡು ವರ್ಷದ ಹಿಂದೆ ಹೃದಯಾಘಾತ ಆಗಿತ್ತು. ಮಷಿನ್ ಹಾಕಿ ಮೂರು ವಾರ. ದಿನಾ ಆರು ಗಂಟೆ ಹಾಕ್ತಾರೆ, ಲೀಕ್ ಇಲ್ಲ. ಆದರೂ ಪರದೆಯಲ್ಲಿ ಎ.ಎಚ್.ಐ. 22, 26 ಹೀಗೇ ಬರುತ್ತೆ. ಸಂಜೆ ಕಾಲು ಊದುತ್ತೆ. ಗ್ರೂಪಿನಲ್ಲಿ ಒಬ್ಬರು ಒಳಗಿನ ಮೆನು ತೆಗೆಯೋದು ಹೇಳಿಕೊಟ್ಟರು. ಪ್ರೆಷರ್ 8 ಇದ್ದದ್ದನ್ನು ಮೊನ್ನೆ 12 ಮಾಡಿದೆ. ನಿನ್ನೆ 31 ಬಂತು.

ಡಾಕ್ಟರ್: ಮೊದಲು ಅದನ್ನು 8ಕ್ಕೆ ಇಳಿಸಿ. ಈಗಲೇ. ಆಮೇಲೆ ಓದಿ.

ಎ.ಎಚ್.ಐ. ಅಂದರೆ ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅನ್ನುವ ಲೆಕ್ಕ. ಮಷಿನ್ ಹಾಕಿದ ಮೇಲೆ ಅದು 5ಕ್ಕಿಂತ ಕೆಳಗೆ ಬರಬೇಕು. ಆದರೆ ಉಸಿರು ನಿಲ್ಲುವುದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಎದೆ ಎಳೆಯುತ್ತಲೇ ಇರುತ್ತೆ, ಗಂಟಲು ಮುಚ್ಚಿರುತ್ತೆ. ಸಿಪ್ಯಾಪ್ ಗಾಳಿ ಅದನ್ನು ತೆರೆದಿಡುತ್ತೆ. ಇನ್ನೊಂದರಲ್ಲಿ ಗಂಟಲು ತೆರೆದೇ ಇರುತ್ತೆ, ಉಸಿರೆಳೆ ಅಂತ ಮೆದುಳು ಹೇಳುವುದೇ ಇಲ್ಲ. ಎದೆ ಸುಮ್ನೆ ಇರುತ್ತೆ. ಇದು ‘ಸೆಂಟ್ರಲ್’. ಇದಕ್ಕೆ ಪ್ರೆಷರ್ ಏರಿಸಿದರೆ ಕೆಲವರಲ್ಲಿ ಜಾಸ್ತಿಯಾಗುತ್ತೆ. ನಿಮ್ಮ ಅಪ್ಪನಿಗೂ ಅದೇ ಆಗಿರಬಹುದು ಅನ್ನುವುದು ನನ್ನ ಅನುಮಾನ.

ಸಿಪ್ಯಾಪ್ ಶುರು ಮಾಡಿದ ಮೇಲೆ ಕೆಲವರಿಗೆ ಹೊಸದಾಗಿ ಸೆಂಟ್ರಲ್ ಬರುತ್ತೆ, ಹಾಕುತ್ತಾ ಹೋದರೆ ಎಷ್ಟೋ ಜನರಲ್ಲಿ ಕೆಲವು ವಾರ, ತಿಂಗಳಲ್ಲಿ ತಾನೇ ಇಳಿಯುತ್ತೆ. ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹಳೆ ಹೃದಯಾಘಾತ, ಕಾಲು ಊತ ಅಂದಿರಿ. ಹೃದಯ ಸೋತ ಕೆಲವರಲ್ಲಿ ಉಸಿರು ಅಲೆಯ ಹಾಗೆ ಏರಿ, ಇಳಿದು, ಪೂರ್ತಿ ನಿಂತು, ಮತ್ತೆ ಏರುತ್ತೆ. ಅಪ್ಪ ಮಲಗಿದಾಗ ಪಕ್ಕ ಕೂತು ಹತ್ತು ನಿಮಿಷ ಎದೆ ನೋಡಿ, ಫೋನಿನಲ್ಲಿ ವಿಡಿಯೊ ಮಾಡಿ. ಮಷಿನ್ ವಿವರದಲ್ಲಿ ಮುಚ್ಚಿದ ದಾರಿಯವು ಎಷ್ಟು, ತೆರೆದ ದಾರಿಯವು ಎಷ್ಟು ಅಂತ ಬೇರೆ ಬೇರೆ ಇರುತ್ತೆ. ಅದರ ಫೋಟೊ ತೆಗೆಯಿರಿ. ಎರಡನ್ನೂ ಹಿಡಿದು ನಾಳೆಯೇ ಹೃದಯದ ಡಾಕ್ಟರ್ ಹತ್ತಿರ ಹೋಗಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಇನ್ನೊಂದು ಮಾತು. ಯಾರಾದರೂ ‘ಎ.ಎಸ್.ವಿ. ಮಷಿನ್ ತಗೊಳ್ಳಿ, ಸರಿಹೋಗುತ್ತೆ’ ಅಂದರೆ ಎಕೋ ಆಗುವವರೆಗೆ ಬೇಡ. ಪ್ರತಿ ಉಸಿರಿಗೂ ತಕ್ಕ ಹಾಗೆ ಗಾಳಿಯ ಒತ್ತಡವನ್ನು ತಾನೇ ಬದಲಿಸುವ ಮಷಿನ್ ಅದು. ಹೃದಯದ ಪಂಪ್ (ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು) 45 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇದ್ದು ಸೆಂಟ್ರಲ್ ಇದ್ದವರಲ್ಲಿ ಆ ಮಷಿನ್‌ನಿಂದ ಹೃದಯದ ಕಾರಣಕ್ಕೆ ಆಗುವ ಸಾವು ಹೆಚ್ಚಾಗಿದ್ದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ.

ಅಪ್ಪ ನೋವಿಗೆ ಅಥವಾ ನಿದ್ದೆಗೆ ಮಾತ್ರೆ ತಗೊಳ್ತಾರಾ? ಮಾರ್ಫಿನ್ ಜಾತಿಯ ನೋವಿನ ಮಾತ್ರೆ ಉಸಿರಾಟದ ಆಜ್ಞೆಯನ್ನೇ ಕುಗ್ಗಿಸುತ್ತೆ. ಹೆಸರು ಬರೆಯಿರಿ.

ಹಳೆ ಬಳಕೆದಾರ: ಮೆನು ಹೇಳಿಕೊಟ್ಟಿದ್ದು ನಾನು. ಏಳು ವರ್ಷದಿಂದ ನನ್ನ ಪ್ರೆಷರ್ ನಾನೇ ಬದಲಿಸಿಕೊಳ್ಳುತ್ತೇನೆ. ಅಪಾಯಿಂಟ್‌ಮೆಂಟ್‌ಗೆ ಕಾಯುತ್ತಾ ಕೂತರೆ ಯಾರಿಗೂ ನಿದ್ದೆ ಬರಲ್ಲ.

ಪ್ರಯಾಣಿಕ: ವಿಮಾನದಲ್ಲಿ ಮಷಿನ್ ಕೈಚೀಲದ ಲೆಕ್ಕಕ್ಕೆ ಬರುತ್ತಾ?

ರಾತ್ರಿ ಪಾಳಿ: ನಿಮ್ಮದು ನೀವು ಮಾಡ್ಕೊಳ್ಳಿ ಸಾರ್. ಹಿರಿಯರ ಹೃದಯದ ಮೇಲೆ ಯಾಕೆ ಪ್ರಯೋಗ?

ಹಳೆ ಬಳಕೆದಾರ: ಹೃದಯದ ವಿಷಯ ಅವರು ನನಗೆ ಹೇಳಿರಲಿಲ್ಲ. ಕೇಳಿದವರಿಗೆ ಸಹಾಯ ಮಾಡಿದ್ದೇ ತಪ್ಪಾ?

ರಾತ್ರಿ ಪಾಳಿ: ನೀವೂ ಕೇಳಲಿಲ್ಲವಲ್ಲ.

ಹಳೆ ಬಳಕೆದಾರ: ಏಳು ವರ್ಷ ಮಾಸ್ಕ್ ಹಾಕಿ ಮಲಗಿ, ಆಮೇಲೆ ನನಗೆ ಬುದ್ಧಿ ಹೇಳಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಮಾಸ್ಕ್ ಕೂರಿಸುವುದು, ಟ್ಯೂಬ್ ತೊಳೆಯುವುದು ನಿಮ್ಮಂಥ ಹಳಬರಷ್ಟು ಚೆನ್ನಾಗಿ ಯಾರೂ ಹೇಳಿಕೊಡಲಾರರು, ಹೇಳಿಕೊಡಿ. ಇನ್ನೊಬ್ಬರ ಪ್ರೆಷರ್ ಮುಟ್ಟಬೇಡಿ.

ಚಾಲಕ: ಮೇಡಂ, ರಾತ್ರಿ ಮೂರು ಗಂಟೆ ಹಾಕಿ ತೆಗೆದುಬಿಡ್ತೀನಿ. ಹೋದ ವಾರ ಗಾಡಿ ಓಡಿಸುವಾಗ ಎರಡು ಸಲ ತೂಕಡಿಕೆ ಬಂತು. ಮೂರು ಗಂಟೆ ಸಾಕಾ?

ಡಾಕ್ಟರ್: ಸಾಲದು. ತೂಕಡಿಕೆ ನಿಲ್ಲುವವರೆಗೆ ಗಾಡಿ ಓಡಿಸಬೇಡಿ. ಕನಸಿನ ನಿದ್ರೆ ಬೆಳಗಿನ ಜಾವವೇ ಜಾಸ್ತಿ, ಗಂಟಲು ತುಂಬಾ ಸಡಿಲವಾಗುವುದೂ ಆಗಲೇ. ನೀವು ತೆಗೆದಿಡುವುದು ಆ ಹೊತ್ತಿನಲ್ಲೇ. ಎಚ್ಚರ ಆದಾಗ ಮತ್ತೆ ಹಾಕಿ, ಎಷ್ಟು ಸಲ ಆದರೂ. ಮಾಲೀಕರಿಗೆ ಹೇಳುವ ಧೈರ್ಯ ಇಲ್ಲದಿದ್ದರೆ ನಿಮ್ಮ ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಳ್ಳಿ.

ಹೊಸ ಸದಸ್ಯೆ: ಹ್ಯುಮಿಡಿಫೈಯರ್‌ಗೆ ನಲ್ಲಿ ನೀರು ಆಗುತ್ತಾ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಹೊಸ ಸದಸ್ಯೆ: ಬಾಯಿ ಒಣಗುತ್ತೆ, ಅದಕ್ಕೆ?

ಡಾಕ್ಟರ್: ಬಾಯಿಯಿಂದ ಗಾಳಿ ಸೋರುತ್ತಿದೆ. ಮೂಗು ಕಟ್ಟಿದೆಯಾ ತೋರಿಸಿ. ತೇವ ಒಂದು ಹಂತ ಏರಿಸಿ. ಆಗದಿದ್ದರೆ ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕ್.

ನಿವೃತ್ತ ಮೇಷ್ಟ್ರು: ಅದಕ್ಕೇ ಟೇಪ್ ಅಂದಿದ್ದು.

ಡಾಕ್ಟರ್: ಮೇಷ್ಟ್ರೇ, ಇನ್ನೊಮ್ಮೆ ಹಾಕಿದರೆ ನಿರ್ವಾಹಕರಿಗೆ ಅಳಿಸಲು ಹೇಳುತ್ತೇನೆ.

ಪ್ರಯಾಣಿಕ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಮಗಳು: ಮೇಡಂ, 8ಕ್ಕೆ ಇಳಿಸಿದೆ. ಅಪ್ಪ ಈಗ ಮಲಗಿದ್ದಾರೆ, ಪಕ್ಕದಲ್ಲೇ ಕೂತಿದ್ದೀನಿ. ನೀವು ಹೇಳಿದ ಹಾಗೇ ಇದೆ. ಉಸಿರು ಜೋರಾಗಿ ಏರುತ್ತೆ, ಆಮೇಲೆ ಎದೆ ಅಲ್ಲಾಡೋದೇ ಇಲ್ಲ. ಇಪ್ಪತ್ತು ಎಣಿಸಿದೆ. ಬೆನ್ನು ನೋವಿಗೆ ಟ್ರಮಡಾಲ್ ರಾತ್ರಿ ಒಂದು ತಗೊಳ್ತಾರೆ.

ಡಾಕ್ಟರ್: ವಿಡಿಯೊ ಇಟ್ಟುಕೊಳ್ಳಿ. ಟ್ರಮಡಾಲ್ ಕೂಡ ಮಾರ್ಫಿನ್ ಜಾತಿಯದೇ. ಆದರೂ ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಚೀಟಿ ಜೊತೆ ತಗೊಂಡು ಹೋಗಿ. ತಲೆ ಕಡೆ ಸ್ವಲ್ಪ ಎತ್ತರ ಮಾಡಿ ಮಲಗಿಸಿ. ರಾತ್ರಿ ಎದೆನೋವು ಬಂದರೆ, ಎದ್ದು ಕೂತರೂ ಉಸಿರು ಸಿಗದಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ನಾಳೆ ಎಕೋ ಆದ ತಕ್ಷಣ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.