ಬಾಸ್ಟನ್ನಿನ ನಾರ್ತ್ ಎಂಡ್: ಆಗಸ್ಟ್ ಹಬ್ಬ, ಸಸ್ಯಾಹಾರ, ಓಡಾಟ

ತುಂಗಾತೀರ: ಆಗಸ್ಟ್ ಕೊನೆಯ ವಾರಾಂತ್ಯಕ್ಕೆ ಅಪ್ಪ ಅಮ್ಮನನ್ನು ಬಾಸ್ಟನ್ನಿನ ಇಟಾಲಿಯನ್ ಕೇರಿ ನಾರ್ತ್ ಎಂಡ್‌ಗೆ ಕರೆದೊಯ್ಯಬೇಕು. ಇಬ್ಬರೂ ಮೊಟ್ಟೆಯನ್ನೂ ತಿನ್ನುವುದಿಲ್ಲ. ಒಂದೊಂದು ವಾರ ಒಬ್ಬೊಬ್ಬ ಸಂತರ ಹಬ್ಬ ಅನ್ನುತ್ತಾರೆ, ಅದೇಕೆ ಹಾಗೆ? ತಿನ್ನಲು ಏನು ಸಿಗುತ್ತದೆ? ಕಾರು ತರಬಹುದೇ?

ಹಂಪೆಕಲ್ಲು: ಇಟಲಿಯಿಂದ ಬಂದವರು ಇಲ್ಲಿ ಊರೂರಿನವರಾಗಿಯೇ ಒಟ್ಟಾಗಿ ನೆಲೆಸಿದರು. ಒಂದೊಂದು ಊರಿನವರದು ಒಂದೊಂದು ಸಂಘ, ಊರಿನ ಸಂತರೇ ಸಂಘದ ದೈವ. ಅದಕ್ಕೇ ಹಬ್ಬಗಳು ಬೇರೆ ಬೇರೆ. ಸಿಸಿಲಿಯ ಶಾಕ್ಕಾ ಊರಿನ ಮೀನುಗಾರರು 1910ರಿಂದ ಮಡೋನಾ, ಅಂದರೆ ಮೇರಿಮಾತೆಯ ಹಬ್ಬ ನಡೆಸುತ್ತಾರೆ, ಅದು ಆಗಸ್ಟ್ ನಡುವೆ. ನೀವು ಬರುವಾಗ ಇರುವುದು ಸಂತ ಆಂಥೊನಿ ಹಬ್ಬ. ಅವೆಲ್ಲಿನೊ ಬಳಿಯ ಮೊಂಟೆಫಲ್ಚೋನೆಯವರು 1919ರಲ್ಲಿ ಶುರುಮಾಡಿದ್ದು.

ಭಾನುವಾರ ಮಧ್ಯಾಹ್ನ ಎಂಡಿಕಾಟ್ ಬೀದಿಯಿಂದ ಮೂರ್ತಿಯನ್ನು ಹೊತ್ತು ಹೊರಡುತ್ತಾರೆ. ಮನೆಮನೆಯ ಮುಂದೆ ನಿಲ್ಲಿಸಿ, ಭಕ್ತರು ಕೊಟ್ಟ ನೋಟುಗಳನ್ನು ಮೂರ್ತಿಯ ರಿಬ್ಬನ್ನಿಗೆ ಪಿನ್ನು ಹಾಕುತ್ತಾರೆ. ಹೀಗೆ ನಿಂತು ನಿಂತು ಸಾಗುವುದರಿಂದ ಸುಮಾರು ಹತ್ತು ಗಂಟೆ ಹಿಡಿಯುತ್ತದೆ. ವಯಸ್ಸಾದವರು ಮೆರವಣಿಗೆಯ ಹಿಂದೆ ನಡೆಯುವ ಬದಲು ಹೊರಡುವ ಹೊತ್ತಿಗೆ ನೋಡಿಬಿಡುವುದು ಒಳ್ಳೆಯದು. ರಾತ್ರಿ ಹಿಂದಿರುಗುವಾಗ ಕಾಗದದ ಚೂರು ಸುರಿಯುತ್ತಾರೆ, ನೂಕುನುಗ್ಗಲೂ ಆಗಲೇ ಹೆಚ್ಚು.

ಅಡುಗೆಮನೆ_ಸೌಟು: ಊಟದ ವಿಷಯದಲ್ಲಿ “ವೆಜಿಟೇರಿಯನ್” ಎಂದಷ್ಟೇ ಹೇಳಿದರೆ ಸಾಲದು. ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಒಣ ಪಾಸ್ತಾ ಹೆಚ್ಚಾಗಿ ಬರೀ ಗೋಧಿ ರವೆ, ನೀರು. “ಒಣ ಪಾಸ್ತಾ, ಟೊಮೇಟೊದ ಮರಿನಾರಾ ಸಾಸ್, ಚೀಸ್ ಬೇಡ, ಆಂಚೊವಿ ಮೀನು ಬೇಡ” ಎಂದು ಬಿಡಿಸಿ ಹೇಳಿ. ಪಾರ್ಮೆಜಾನೊ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್‌ನಿಂದಲೇ ಹಾಲು ಒಡೆಸುತ್ತಾರೆ, ಬೇಸಿಲ್ ಎಲೆಯ ಸಾಸ್ ಪೆಸ್ಟೋದಲ್ಲೂ ಆ ಚೀಸ್ ಸೇರುತ್ತದೆ. ಮಿನೆಸ್ಟ್ರೋನೆ ತರಕಾರಿ ಸೂಪೇ ಆದರೂ ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರಬಹುದು, ಕೇಳಿಯೇ ತೆಗೆದುಕೊಳ್ಳಿ.

ಎಲ್ಲರೂ ಸಾಲು ನಿಲ್ಲುವ ಕನೋಲಿ (ಕರಿದ ಕೊಳವೆಯೊಳಗೆ ಸಿಹಿ ರಿಕೋಟಾ ಚೀಸ್ ತುಂಬಿದ ತಿಂಡಿ) ನಿಮ್ಮವರಿಗೆ ಆಗದು. ಸಾಂಪ್ರದಾಯಿಕವಾಗಿ ಅದರ ಚಿಪ್ಪನ್ನು ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ, ಅಂಚು ಅಂಟಿಸಲು ಮೊಟ್ಟೆಯ ಬಿಳಿ ಸವರುತ್ತಾರೆ. ತಿರಮಿಸು ಎಂಬ ಕಾಫಿ ಸಿಹಿಯಲ್ಲೂ ಮೊಟ್ಟೆ. ನಿಂಬೆಯ ಐಸ್ ಕೊಡಿಸಿ: ನೀರು, ಸಕ್ಕರೆ, ನಿಂಬೆರಸ, ಅಷ್ಟೇ. ನೀವು ಕನೋಲಿ ತಿನ್ನುವುದಾದರೆ ಆಗಲೇ ತುಂಬಿಕೊಡುವ ಅಂಗಡಿ ಹುಡುಕಿ. ಮೊದಲೇ ತುಂಬಿಟ್ಟರೆ ರಿಕೋಟಾದ ನೀರಿಗೆ ಚಿಪ್ಪು ಮೆತ್ತಗಾಗುತ್ತದೆ.

ಗಾಂಧಿಬಜಾರ್: ಕಾರು ಖಂಡಿತ ಬೇಡ. ಹೆಚ್ಚಿನ ಕಡೆ ಅಲ್ಲಿನ ನಿವಾಸಿಗಳಿಗೆ ಮಾತ್ರ ಪಾರ್ಕಿಂಗ್, ಹಬ್ಬಕ್ಕೆ ಬೀದಿಗಳೂ ಬಂದ್. ಸಬ್‌ವೇಯಲ್ಲಿ ಹೇಮಾರ್ಕೆಟ್‌ಗೆ ಬಂದು ಗ್ರೀನ್‌ವೇ ಉದ್ಯಾನ ದಾಟಿದರೆ ಹ್ಯಾನೋವರ್ ಬೀದಿ. ಆ ಉದ್ಯಾನದ ಜಾಗದಲ್ಲಿ 1950ರ ದಶಕದಿಂದ ಎತ್ತರಿಸಿದ ಹೆದ್ದಾರಿ ಇತ್ತು. ಅದು ಕೇರಿಯನ್ನು ಊರಿನಿಂದ ಕತ್ತರಿಸಿಬಿಟ್ಟಿತ್ತು, ಹಳೆಯ ಕುಟುಂಬಗಳು ಅಷ್ಟು ಕಾಲ ಒಟ್ಟಿಗೆ ಉಳಿಯಲು ಅದೂ ಒಂದು ಕಾರಣ ಅನ್ನುವುದು ನನ್ನ ಅಭಿಪ್ರಾಯ. ಈಗ ಹೆದ್ದಾರಿ ನೆಲದಡಿ, ಮೇಲೆ ಬಾಡಿಗೆ ದುಬಾರಿ. ಹಳಬರ ಮೊಮ್ಮಕ್ಕಳು ಎಷ್ಟೋ ಮಂದಿ ಹೊರವಲಯದಿಂದ ಹಬ್ಬಕ್ಕಷ್ಟೇ ಬರುತ್ತಾರೆ.

ಸೇಲಂ ಬೀದಿಯಲ್ಲೂ ಒಮ್ಮೆ ನಡೆಯಿರಿ. ಇಟಾಲಿಯನ್ನರಿಗಿಂತ ಮೊದಲು ಅದು ಯಹೂದಿಗಳ ಬೀದಿ. 1932ರಿಂದಿರುವ ಪೋಲ್ಕಾರಿ ಅಂಗಡಿಯಲ್ಲಿ ಕಾಫಿ ಬೀಜ, ಮಸಾಲೆ ಸಾಮಾನುಗಳನ್ನು ತೂಗಿ ಕೊಡುತ್ತಾರೆ. ಅಮ್ಮನಿಗೆ ಖಂಡಿತ ಹಿಡಿಸುತ್ತದೆ.

ತುಂಗಾತೀರ: ಹೇಮಾರ್ಕೆಟ್ ತರಕಾರಿ ಸಂತೆ ಭಾನುವಾರವೂ ಇರುತ್ತದೆಯೇ?

ಗಾಂಧಿಬಜಾರ್: ಇಲ್ಲ, ಶುಕ್ರವಾರ ಮತ್ತು ಶನಿವಾರ ಮಾತ್ರ. ಸಂತೆಯೂ ಬೇಕೆಂದರೆ ಶನಿವಾರವೇ ಬನ್ನಿ, ಚಿಲ್ಲರೆ ನೋಟು ಇಟ್ಟುಕೊಂಡಿರಿ.