ರಕ್ತದ ವರದಿಯಲ್ಲಿ ಸಂಧಿವಾತದ ಮುನ್ಸೂಚನೆ: ತಜ್ಞೆಯೊಂದಿಗೆ ಪ್ರಶ್ನೋತ್ತರ

ಸದಸ್ಯೆ, ಹಾಸನ: ನನಗೆ 33 ವರ್ಷ. ಮೂರು ತಿಂಗಳಿಂದ ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಯವರೆಗೆ ಬೆರಳುಗಳನ್ನು ಮಡಿಸಲಾಗುವುದಿಲ್ಲ, ಗೆಣ್ಣುಗಳು ಊದಿಕೊಂಡಿರುತ್ತವೆ. ಸಂಧಿವಾತದ ಪ್ರತಿಕಾಯಗಳನ್ನು ನೋಡುವ ರಕ್ತಪರೀಕ್ಷೆಗಳಲ್ಲಿ ಆಂಟಿ ಸಿಸಿಪಿ 210 (ಮಿತಿ 20), ಆರ್‌ಎ ಫ್ಯಾಕ್ಟರ್ 96 ಬಂದಿದೆ. ಉರಿಯೂತ ಅಳೆಯುವ ಸಿಆರ್‌ಪಿ ಮತ್ತು ಎಕ್ಸ್‌ರೇ ಸರಿಯಾಗಿರುವುದರಿಂದ ಆರು ತಿಂಗಳು ಕಾಯಲು ಹೇಳಿದ್ದಾರೆ. ಎರಡನೆಯ ಮಗುವಿನ ಯೋಚನೆಯೂ ಇದೆ.

ವೈದ್ಯೆ: ದಯವಿಟ್ಟು ಕಾಯಬೇಡಿ. ಆಂಟಿ ಸಿಸಿಪಿ ಮಿತಿಯ ಮೂರು ಪಟ್ಟು ದಾಟಿದರೆ 2010ರ ಅಂತರರಾಷ್ಟ್ರೀಯ ಮಾನದಂಡ ಅದನ್ನು ಹೆಚ್ಚಿನ ಮಟ್ಟವೆಂದು ಎಣಿಸುತ್ತದೆ. ನಿಮ್ಮದು ಹತ್ತು ಪಟ್ಟು ದಾಟಿದೆ. ಎರಡೂ ಪ್ರತಿಕಾಯಗಳು ಹೀಗೆ ಹೆಚ್ಚಾಗಿರುವವರಲ್ಲಿ ಮೂಳೆಯ ಸವೆತ ಬೇಗ ಶುರುವಾಗುವ ಸಂಭವ ಹೆಚ್ಚು. ಸಿಆರ್‌ಪಿ ಅಂದಿನ ಉರಿಯೂತವನ್ನಷ್ಟೇ ಹೇಳುತ್ತದೆ, ಕೆಲವರಲ್ಲಿ ಕೀಲು ಊದಿದ್ದಾಗಲೂ ಅದು ಏರುವುದಿಲ್ಲ. ಎಕ್ಸ್‌ರೇ ಸರಿಯಾಗಿದೆ ಎಂಬುದೇ ಈಗ ಚಿಕಿತ್ಸೆ ಆರಂಭಿಸಲು ಕಾರಣ, ಏಕೆಂದರೆ ಒಮ್ಮೆ ಸವೆದ ಮೂಳೆ ಮೊದಲಿನಂತಾಗುವುದಿಲ್ಲ. ಕೀಲುಗಳ ಅಲ್ಟ್ರಾಸೌಂಡ್ ಮಾಡಿಸಿ. ಮಗುವಿನ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ: ಸಂಧಿವಾತಕ್ಕೆ ಸಾಮಾನ್ಯವಾಗಿ ಕೊಡುವ ಮೆಥೋಟ್ರೆಕ್ಸೇಟ್ ಗರ್ಭಕ್ಕೆ ಅಪಾಯಕಾರಿ, ಆದರೆ ಸಲ್ಫಾಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಗರ್ಭಿಣಿಯರಿಗೂ ಕೊಡುವ ಔಷಧಗಳು.

ಸದಸ್ಯ, ಬಳ್ಳಾರಿ: ಆರ್‌ಎ ಫ್ಯಾಕ್ಟರ್ 28 ಇದೆ, ನೋವಿಲ್ಲ. ಮುಂದೆ ರೋಗ ಬರುತ್ತದೆಯೇ?

ವೈದ್ಯೆ: ಆ ಒಂದು ಅಂಕಿಯಿಂದ ಹೇಳಲಾಗದು. ವಯಸ್ಸಾದವರಲ್ಲಿ, ಕ್ಷಯದಲ್ಲಿ, ಹೆಪಟೈಟಿಸ್ ಸಿಯಲ್ಲಿ ಸಹ ಅದು ಏರುತ್ತದೆ.

ಸದಸ್ಯೆ, ತುಮಕೂರು: ನಿಂಬೆರಸ ಮತ್ತು ಅರಿಶಿನ 40 ದಿನ ಕುಡಿದರೆ ಆರ್‌ಎ ಫ್ಯಾಕ್ಟರ್ ಸೊನ್ನೆಯಾಗುತ್ತದೆ ಎಂಬ ಸಂದೇಶ ಬಂದಿದೆ. ಒಂದು ಪುಡಿಯ ವಿಳಾಸವೂ ಅದರಲ್ಲಿದೆ.

ವೈದ್ಯೆ: ಇದೇ ಸಂದೇಶ ಇಲ್ಲಿಗೆ ಬರುತ್ತಿರುವುದು ಮೂರನೆಯ ಸಲ. ಹೆಸರು, ಅಂಶಗಳನ್ನು ನಮೂದಿಸದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನೋವು ಎರಡೇ ದಿನದಲ್ಲಿ ಇಳಿಯುತ್ತದೆ, ಒಳಗೆ ಕೀಲು ಸವೆಯುತ್ತಲೇ ಇರುತ್ತದೆ. ಈಗಾಗಲೇ ತಿನ್ನುತ್ತಿರುವವರು ಒಮ್ಮೆಲೇ ನಿಲ್ಲಿಸದೆ ಪೊಟ್ಟಣದೊಂದಿಗೆ ವೈದ್ಯರ ಬಳಿಗೆ ಹೋಗಿ.

ಸದಸ್ಯ, ಧಾರವಾಡ: ಇಂಗ್ಲಿಷ್ ಔಷಧಿಯಿಂದ ಲಿವರ್ ಹಾಳಾಗುವುದನ್ನು ಏಕೆ ಹೇಳುವುದಿಲ್ಲ? ನಮ್ಮಣ್ಣನಿಗೆ ಆಂಟಿ ಸಿಸಿಪಿ ಪಾಸಿಟಿವ್ ಬಂದು ಐದು ವರ್ಷವಾಯಿತು, ಏನೂ ಆಗಿಲ್ಲ.

ಸದಸ್ಯೆ, ಮೈಸೂರು: ನಮ್ಮಮ್ಮ ನಿಮ್ಮಂಥವರ ಮಾತು ಕೇಳಿಯೇ ಚಿಕಿತ್ಸೆಯಿಲ್ಲದೆ ಎರಡು ವರ್ಷ ಕಳೆದರು. ಈಗ ಅವರ ಬೆರಳುಗಳು ಸೊಟ್ಟಗಾಗಿವೆ.

ಸದಸ್ಯ, ಧಾರವಾಡ: ನಿಮ್ಮ ತಾಯಿಯ ವಿಷಯ ನನಗೆ ಸಂಬಂಧಿಸಿದ್ದಲ್ಲ.

ವೈದ್ಯೆ: ಇಬ್ಬರೂ ನಿಲ್ಲಿಸಿ. ನೆದರ್‌ಲೆಂಡ್ಸ್‌ನಲ್ಲಿ ರಕ್ತದಾನಿಗಳಾಗಿದ್ದು ಮುಂದೆ ಸಂಧಿವಾತಕ್ಕೊಳಗಾದವರ ಹಳೆಯ ಮಾದರಿಗಳನ್ನು ಪರೀಕ್ಷಿಸಿದ 2004ರ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನರಲ್ಲಿ ನೋವಿಗೆ ವರ್ಷಗಳ ಮೊದಲೇ ಪ್ರತಿಕಾಯಗಳಿದ್ದವು. ಪಾಸಿಟಿವ್ ಬಂದವರೆಲ್ಲರಿಗೂ ರೋಗ ಬರುವುದಿಲ್ಲ ಎಂಬುದೂ ನಿಜ. ನಿಮ್ಮಣ್ಣ ಧೂಮಪಾನಿಯಾಗಿದ್ದರೆ ಇಂದೇ ಬಿಡಲಿ, ಕೀಲು ಊದಿದ ದಿನ ತಡಮಾಡದೆ ಬರಲಿ. ಮೆಥೋಟ್ರೆಕ್ಸೇಟ್‌ನಿಂದ ಲಿವರ್‌ಗೆ ತೊಂದರೆಯಾಗಬಹುದೆಂದೇ ನಾವು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುತ್ತೇವೆ. ಅದನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು; ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಸದಸ್ಯ, ಉಡುಪಿ: ಸಂಧಿವಾತದ ಆನುವಂಶಿಕ ಸಾಧ್ಯತೆ ನೋಡುವ ಎಚ್‌ಎಲ್‌ಎ ಜೀನ್ ಪರೀಕ್ಷೆ ಮಕ್ಕಳಿಗೆ ಮಾಡಿಸಬೇಕೇ?

ಸದಸ್ಯೆ, ಶಿವಮೊಗ್ಗ: ಆರ್‌ಎ ಫ್ಯಾಕ್ಟರ್ 31, ನೋವಿಲ್ಲ. ರೋಗ ಬರುತ್ತದೆಯೇ?

ವೈದ್ಯೆ: ಬಳ್ಳಾರಿಯವರಿಗೆ ಕೊಟ್ಟ ಉತ್ತರವನ್ನು ಓದಿ.

ಸದಸ್ಯ, ಧಾರವಾಡ: ನಿಂಬೆರಸದಿಂದ ಹಾನಿಯಾದರೂ ಏನು?

ವೈದ್ಯೆ: ನಿಂಬೆರಸ ಕುಡಿಯಿರಿ. ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಹಾಸನದವರೇ, ತಜ್ಞರನ್ನು ಕಾಣಲು ದಿನ ಗೊತ್ತಾಯಿತೇ?

ಸದಸ್ಯೆ, ಹಾಸನ: ಗುರುವಾರಕ್ಕೆ ಸಿಕ್ಕಿದೆ.